ಹಳದಿಯಾ, ಹಸಿರಾ

ಮಂಡ್ಯದ ಪೇಟೆ ಬೀದಿಯಲ್ಲಿ ನನ್ನದು ಮ್ಯಾಚಿಂಗ್ ಸೆಂಟರ್.
ಹಸಿರೊಂದರಲ್ಲೇ ನಲವತ್ತೆರಡು ಥಾನು:
ಗಿಳಿ ಹಸಿರು, ಪಾಚಿ ಹಸಿರು, ಬಾಳೆಸುಳಿ,
ಗರಿ ಒಣಗುವ ಮುಂಚಿನ ಕಬ್ಬಿನ ಹಸಿರು,
ಹೆಸರಿಲ್ಲದವೂ ಇವೆ, ಕೈಗೆ ಗೊತ್ತು.

ಇವರಿಗೆ ಹಸಿರೂ ಒಂದೇ, ಕಂದೂ ಒಂದೇ.
ರೈಲ್ವೆ ಕೆಲಸಕ್ಕೆಂದು ಹೋಗಿ
ಚುಕ್ಕಿ ಚುಕ್ಕಿ ಪುಸ್ತಕದಲ್ಲಿ
ಎಲ್ಲರಿಗೂ ಕಂಡ ಎಪ್ಪತ್ನಾಲ್ಕು ಕಾಣದೆ
ಟಿಫನ್ ಡಬ್ಬಿ ಬಿಚ್ಚದೆ ವಾಪಸು ಬಂದವರು.
ಈಗ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾರೆ.
ಪೈಸೆ ತಪ್ಪುವುದಿಲ್ಲ.

ಮೀನಿನ ತೊಟ್ಟಿ ಅವರದೇ ಹಟ.
ಎರಡಡಿ ಗಾಜು, ಆರು ಗಪ್ಪಿ, ಒಂದು ಗೋಲ್ಡ್‌ಫಿಶ್.
ನೀರು ತುಂಬಿದ ದಿನವೇ ಮೀನೂ ಬಿಟ್ಟೆವು.
ನಾಲ್ಕನೇ ದಿನ ಎರಡು ಗಪ್ಪಿ ಮಗುಚಿದವು.
ನೀರು ಹೇಗಿತ್ತು ಅಂದರೆ, ಕನ್ನಡಿ.

ಇಲಿಯಾಸಣ್ಣ ಅಂಗಡಿಯಲ್ಲಿ ನಕ್ಕ:
"ತಿಳಿಯಾಗಿದ್ರೆ ಸಾಲದು ಅಕ್ಕ.
ಅವಕ್ಕೆ ಅಡುಗೆಮನೆಯೂ ಅದೇ, ಬಚ್ಚಲೂ ಅದೇ."
ಮುಂದಿಟ್ಟ ಕಾಗದದ ಪಟ್ಟಿ, ಇಪ್ಪತ್ತೈದರ ಡಬ್ಬಿ,
ಅದ್ದಿದರೆ ನಿಮಿಷದಲ್ಲಿ ಉತ್ತರ.
"ಅವಸರದವರಿಗೆ ಇದು. ಅಮೋನಿಯಾ ಇದರಲ್ಲಿಲ್ಲ."
ಆಮೇಲೆ ಹನಿಯ ಬಾಟಲಿಗಳು, ಗಾಜಿನ ಕೊಳವೆ, ಬಣ್ಣದ ಕಾರ್ಡು.
ಬೆಲೆ ನಾಲ್ಕು ಪಟ್ಟು.
ಇವರು ಬಾಟಲಿ ತಿರುಗಿಸಿ ತಾರೀಖು ಓದಿದರು,
ಎಷ್ಟು ಸಲಕ್ಕೆ ಬಂದೀತೆಂದು ಭಾಗಿಸಿ
ಸಲಕ್ಕೆ ಒಂಬತ್ತು ರೂಪಾಯಿ ಎಂದು ಒಪ್ಪಿ
ಕಾರ್ಡನ್ನು ನನ್ನ ಕೈಗೆ ಕೊಟ್ಟರು.

ಹೀಗೆ ಪಾಲಾಯಿತು ಕೆಲಸ.
ತೊಟ್ಟಿಯ ನೀರಲ್ಲೇ ಕೊಳವೆ ಜಾಲಾಡಿ,
ಗೆರೆಗೆ ಕಣ್ಣು ಸಮ ಬರುವಂತೆ ಬಗ್ಗಿ,
ಬಾಟಲಿ ನೆಟ್ಟಗೆ ಹಿಡಿದು ಎಂಟು ಹನಿ.
ಎರಡನೆಯದರಿಂದ ಮತ್ತೆ ಎಂಟು.
ನೈಟ್ರೇಟಿನ ಬಾಟಲಿ ತಳ ಹಿಡಿಯುತ್ತದೆಂದು
ಮೂವತ್ತರವರೆಗೆ ಎಣಿಸಿ ಕುಲುಕುವುದು.
ಬೆರಳಲ್ಲಿ ಮುಚ್ಚಲು ಹೋದರೆ ನನಗೆ ಬೈಗುಳ:
"ಮುಚ್ಚಳ ಇರೋದ್ಯಾಕೆ? ನಿನ್ ಬೆವರು ಅಳೀಬೇಕಾ?"
ಐದು ನಿಮಿಷ ಗಡಿಯಾರದ ಕೆಳಗೆ
ಫಲಿತಾಂಶ ಕಾಯುವ ಹುಡುಗನಂತೆ ನಿಂತು
ನನ್ನ ಮುಖ ನೋಡುವರು, ಕೊಳವೆಯನ್ನಲ್ಲ.
"ಹಳದಿಯಾ?"
"ಹಳದಿ."
ಬರೆದುಕೊಳ್ಳುವರು: ಸೊನ್ನೆ.

ಒಂಬತ್ತು ರಾತ್ರಿ ಹಳದಿ ಅಂದೆ.
ಹತ್ತನೇ ಬೆಳಗ್ಗೆ ಗೋಲ್ಡ್‌ಫಿಶ್ ಮೇಲೆ ಬಂದು
ಬಾಯಿ ಬಿಡುತ್ತಿತ್ತು, ಏನೋ ಹೇಳುವಂತೆ.
ಅಂಗಡಿ ತೆರೆದೆ. ಬೋಣಿಗೆಗೆ ಗುತ್ತಲಿನ ಹೆಂಗಸು,
ಮಗಳ ಒಸಗೆ ಸೀರೆಗೆ ರವಿಕೆ ಬೇಕು.
ಸಾವಿರ ಸಲ ಅಂದ ಮಾತು ತಾನಾಗಿ ಬಂತು:
"ದೀಪದಡಿ ನೋಡ್ಬೇಡಿ ತಾಯಿ,
ಬಾಗಿಲಿಗೆ ಬನ್ನಿ, ಬಿಸಿಲಲ್ಲಿ ಹಿಡೀರಿ."
ಕತ್ತರಿ ಅಲ್ಲೇ ನಿಂತಿತು.
ತೊಟ್ಟಿಯ ಮೇಲೆ, ಚೆಂದಕ್ಕೆಂದು,
ನಾನೇ ಹಾಕಿಸಿದ ಹಳದಿ ಬಲ್ಬು.
ಅದರಡಿ ಯಾವುದು ತಾನೇ ಹಳದಿಯಲ್ಲ?

ಶಟರ್ ಅರ್ಧ ಎಳೆದು ಓಡಿದೆ.
ಹನಿ ನಾನೇ ಎಣಿಸಿದೆ. ಜಗುಲಿಯ ಬಿಸಿಲಲ್ಲಿ
ಕಾರ್ಡಿನ ಬಿಳಿ ಅಂಚಿಗೆ ಕೊಳವೆ ಒತ್ತಿ ಹಿಡಿದೆ:
ಹಸಿರು. ನನ್ನ ಗೂಡಿನ ಹದಿನೇಳನೇ ಥಾನು.
ಎದುರು ಮನೆ ತಾಯಮ್ಮ ಇಣುಕಿ ಕೇಳಿದರು,
"ಯಾರಿಗವ್ವ ಶುಗರ್ರು?"
ಅರ್ಧ ನೀರು ಚೆಲ್ಲಿ, ಹಿಂದಿನ ದಿನ ಹಿಡಿದಿಟ್ಟ
ಎರಡು ಡ್ರಮ್ಮು ಕಾವೇರಿ ನಿಧಾನಕ್ಕೆ ಸುರಿದೆ.
ಆ ಗಿರಾಕಿ ಇನ್ನೂ ಬಾಗಿಲಲ್ಲೇ ಕಾಯುತ್ತಿದ್ದಳಂತೆ.

ಸಂಜೆ ಹೇಳಿದೆ. ಬೈಯಲಿಲ್ಲ.
ಪುಸ್ತಕ ತೆಗೆದು, ಸ್ಕೇಲು ಇಟ್ಟು,
ಒಂಬತ್ತು ಸೊನ್ನೆಗೂ ಗೆರೆ ಎಳೆದರು.
"ನಿಂಗೆ ಕಾಣ್ತದೆ ಅಂತ
ನಾನೂ ದೀಪ ನೋಡ್ಲಿಲ್ಲ" ಅಂದರು, ಅಷ್ಟೆ.

ಈಗ ಭಾನುವಾರ ಬೆಳಗ್ಗೆ, ಜಗುಲಿಯಲ್ಲಿ.
ಕಾರ್ಖಾನೆ ನಡೆವ ತಿಂಗಳಲ್ಲಿ
ಕಾಕಂಬಿ ವಾಸನೆಯೂ ಬಂದು ಕೂರುತ್ತದೆ.
ತಾಯಮ್ಮನದೂ ಒಂದು ತೀರ್ಪು ಇರುತ್ತದೆ.
ಗಪ್ಪಿ ಮೂರು ಉಳಿದವು. ಗೋಲ್ಡ್‌ಫಿಶ್ ಕೊಬ್ಬಿದೆ.

ಮೊನ್ನೆ, ಕೊಳವೆ ತೊಳೆಯುತ್ತಾ, ತಲೆ ಎತ್ತದೆ ಕೇಳಿದರು:
"ಆವತ್ತಿನ ಹಸಿರು ಹೆಂಗಿತ್ತು?"
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.
ಗಿಳಿ ಅಂದರೆ ಆಗದು, ಎಲೆ ಅಂದರೆ ಆಗದು.
"ಕಬ್ಬಿನ ಹಾಲು," ಅಂದೆ,
"ಗಾಣದ ಮೊದಲನೇ ಲೋಟ,
ನಿಂಬೆ ಹಿಂಡೋಕೆ ಮುಂಚೆ ಬಾಯಲ್ಲಿ ಹೆಂಗಿರ್ತದೋ."
ಸ್ವಲ್ಪ ಹೊತ್ತು ಸುಮ್ಮನಿದ್ದು
ಗೆರೆ ಎಳೆದ ಸೊನ್ನೆಗಳ ಪಕ್ಕ,
ಅಂಚಿನಲ್ಲಿ, ಸಣ್ಣಗೆ, ಅದನ್ನೂ ಬರೆದುಕೊಂಡರು.